ಬಸಿಯಂಚಿನ ಗಮ್ಮು, ತೊಳೆದ ಕೆಟಲು

“ಆ ಕಪ್ಪು ಮುಟ್ಟಬೇಡ,” ಅಂದಳು ಬೋದಿಲ್.

“ನಾನ್ಯಾಕೆ ಮುಟ್ಟಲಿ?” ವೇರ್ನರ್‌ಗೆ ನಿಜಕ್ಕೂ ಬೇಜಾರಾಯಿತು. “ಅದು ಆಲ್ಗೋತನ ಕಪ್ಪು. ಅವನೇ ತೊಳ್ಕೋತಾನೆ.”

“ಆಲ್ಗೋತ್ ಆಸ್ಪತ್ರೇಲಿ ಮಲಗಿದಾನೆ ಮಾರಾಯ.”

“ವಾಪಸ್ ಬರ್ತಾನಲ್ಲ, ಆಗ ತೊಳ್ಕೋತಾನೆ.”

ಹೆಲ್ಸಿಂಗ್‌ಬೋರ್ಗ್ ಬಂದರಿನ ಪಕ್ಕದಲ್ಲಿರುವ ಹಳೇ ಸಬ್‌ಮರೀನ್ ನಾವಿಕರ ಕ್ಲಬ್ಬಿನ ಅಡುಗೆಮನೆ ಅದು. ವೇರ್ನರ್ ಆ ಕ್ಲಬ್ಬಿನ ಕಾರ್ಯದರ್ಶಿ. ಸಿಂಕಿನ ಮೇಲೆ ಗೋಡೆಗೆ ಒಂದು ಹಲಗೆ ಬಡಿದಿದ್ದರು: ‘ನಿನ್ನ ಪಾತ್ರೆ ನೀನೇ ತೊಳಿ. ನಿಮ್ಮಮ್ಮ ಇಲ್ಲಿ ಕೆಲಸಕ್ಕಿಲ್ಲ.’ ಇಂಥ ಹಲಗೆ ಇಲ್ಲದ ಅಡುಗೆಮನೆ ಈ ದೇಶದ ಯಾವ ಆಫೀಸಿನಲ್ಲೂ ಇಲ್ಲ. ಇನ್ನೊಬ್ಬರ ಎಂಜಲು ಕಪ್ಪು ತೊಳೆದವರನ್ನು ಇಲ್ಲಿ ಯಾರೂ ಮೆಚ್ಚುವುದಿಲ್ಲ, ಅನುಮಾನದಿಂದ ನೋಡುತ್ತಾರೆ.

ಗುರುವಾರ ಇದೇ ಕ್ಲಬ್ಬಿನಲ್ಲಿ ಕಾಫಿ ಹೊತ್ತಿಗೆ ಮುದುಕ ಆಲ್ಗೋತ್ ಸ್ಟೆನ್‌ವಿಕ್ ಬೆವರಿ, ವಾಂತಿ ಮಾಡಿ, ಕುರ್ಚಿಯಿಂದ ಜಾರಿದ್ದ; ಪೈಪು ಸೇದುವುದನ್ನು ಬಿಡಲೆಂದು ಅವನು ಅಗಿಯುತ್ತಿದ್ದ ನಿಕೋಟಿನ್ ಗಮ್ಮೇ ವಿಷವಾಯಿತೆಂದು ಸಂಜೆಯೊಳಗೆ ಊರೆಲ್ಲ ತೀರ್ಮಾನಿಸಿಬಿಟ್ಟಿತ್ತು.

ಆ ತೀರ್ಮಾನದ ಪೆಟ್ಟು ಬಿದ್ದದ್ದು ಔಷಧಿ ಅಂಗಡಿಯ ಹಿಲ್ಲೆವಿಗೆ. ಆಲ್ಗೋತನಿಗೆ ಗಮ್ ಕೊಟ್ಟವಳು ಅವಳು. ಪ್ರತಿ ಬುಧವಾರ ಇದೇ ಕ್ಲಬ್ಬಿನಲ್ಲಿ ಸಿಗರೇಟು ಬಿಡುವವರ ಕೂಟ ನಡೆಸುವವಳೂ ಅವಳೇ. ಪೊಲೀಸರ ವರದಿ ಬರುವವರೆಗೆ ಕೌಂಟರಿನ ಹಿಂದೆ ನಿಲ್ಲಬಾರದು ಎಂದು ಮೇಲಿನವರು ಅವಳನ್ನು ಮನೆಗೆ ಕಳಿಸಿದ್ದರು. ವರದಿಯಲ್ಲಿ ತಪ್ಪು ಗಮ್ಮಿನದೆಂದು ಬಂದರೆ ಅವಳು ಇನ್ನೆಂದೂ ಔಷಧಿ ಕೊಡುವ ಹಾಗಿರಲಿಲ್ಲ.

ಆ ವರದಿ ಬರೆಯಬೇಕಾದವಳು ಇನ್‌ಸ್ಪೆಕ್ಟರ್ ಬೋದಿಲ್ ಎಕ್‌ಮಾರ್ಕ್. ಈಗ ಅವಳ ಕೆನ್ನೆಯೊಳಗೂ ಅದೇ ಗಮ್ಮಿನ ಒಂದು ತುಂಡು ಕೂತಿತ್ತು. ಹೋದ ವಸಂತದಲ್ಲಿ ಅವಳ ಕೈಯಿಂದ ಸಿಗರೇಟು ಬಿಡಿಸಿದವಳು ಹಿಲ್ಲೆವಿ. ಅದಾದ ಮೇಲೆ ಠಾಣೆಯ ಮೆಟ್ಟಿಲು ಹತ್ತಿ ಮೇಲೆ ಬಂದು ಒಂದು ಮಾತಾಡುವಷ್ಟು ಉಸಿರು ಅವಳಲ್ಲಿ ಉಳಿಯುತ್ತಿತ್ತು. ಈ ಸುಖ ಎಂಥದ್ದೆಂದು ಸೇದಿ ಬಿಟ್ಟವರಿಗೇ ಗೊತ್ತು. ಆದ್ದರಿಂದ ಈ ಕೇಸಿನಲ್ಲಿ ಬೋದಿಲ್‌ಗೆ ಯಾವ ಉತ್ತರ ಬೇಕಾಗಿತ್ತೆಂದು ಮುಚ್ಚಿಡುವುದೇನೂ ಇಲ್ಲ. ಅದಕ್ಕೇ ಅವಳು ಪ್ರತಿಯೊಂದನ್ನೂ ಎರಡೆರಡು ಸಲ ನೋಡುತ್ತಿದ್ದಳು.

ಅವಳು ಬಗ್ಗಿ ಕಪ್ಪನ್ನು ನೋಡಿದಳು. ತಳದಲ್ಲಿ ಕಂದು ಗಸಿ ಒಣಗಿ ಅಂಟಿತ್ತು. ಕಪ್ಪಿನ ಕೆಳಗೆ ಬಸಿ. ಬಸಿಯ ಅಂಚಿಗೆ ಅಂಟಿಸಿದ್ದ ಒಂದು ಬೂದುಬಣ್ಣದ ಉಂಡೆ. ಹಲ್ಲಿನ ಗುರುತು ಒಂದೆರಡು ಕಡೆ ಮಾತ್ರ ಇತ್ತು.

“ಇದೇನಿದು?”

“ಗಮ್ಮು,” ಅಂದ ವೇರ್ನರ್, ಮುಖ ಸಿಂಡರಿಸಿ. “ಕಾಫಿ ಕುಡಿಯೋ ಮುಂಚೆ ಬಾಯಿಂದ ತೆಗೆದು ಅಲ್ಲಿ ಅಂಟಿಸ್ತಾನೆ. ಕುಡಿದಾದ ಮೇಲೆ ಮತ್ತೆ ಬಾಯಿಗೆ. ನೋಡೋಕೇ ಹೇಸಿಗೆ.”

ಬೋದಿಲ್‌ಗೆ ನಗು ಬಂತು. ಕಾಫಿ, ಇಲ್ಲಾಂದ್ರೆ ಗಮ್ಮು, ಎರಡೂ ಒಟ್ಟಿಗೆ ಬೇಡ ಎಂಬುದು ಹಿಲ್ಲೆವಿಯ ಮೊದಲ ಪಾಠ. ಕಾಫಿ ಕುಡಿದ ಬಾಯಲ್ಲಿ ಗಮ್ಮು ಅಗಿದರೆ ಬಾಯಿ ಅದರ ಸತ್ವವನ್ನು ಹೀರಿಕೊಳ್ಳುವುದಿಲ್ಲ, ಎಂಜಲಿನ ಜೊತೆ ಹೊಟ್ಟೆಗೆ ಇಳಿದು ಬರೀ ಬಿಕ್ಕಳಿಕೆ, ಎದೆಯುರಿ. ಎಲ್ಲರೂ ಈ ಪಾಠ ಮರೆಯುತ್ತಾರೆ, ಬೋದಿಲ್ ಕೂಡ. ಮುದುಕ ಮರೆತಿರಲಿಲ್ಲ.

ಹಾಗಾದರೆ ಅವನು ಜಾರಿ ಬಿದ್ದಾಗ ಗಮ್ಮು ಬಾಯಲ್ಲೇ ಇರಲಿಲ್ಲ.

“ಅವನ ಕಾಫಿ ಯಾರು ಮಾಡಿದ್ದು?”

“ಅವನೇ. ನಾವೆಲ್ಲ ಮೆಷಿನ್ ಕಾಫಿ ಕುಡೀತೀವಿ. ಅವನು ಉತ್ತರದ ಕಡೆಯೋನು, ಪುಡಿ ಹಾಕಿ ಕುದಿಸಿದ್ದೇ ಆಗಬೇಕು. ಆ ಕೆಟಲ್ ಅವನ ಹೆಂಡತಿಗಿಂತ ಹಳೇದು. ಸೋಪು ತಾಗಿಸಿದರೆ ರುಚಿ ಹೋಗುತ್ತೆ ಅಂತ ತೊಳೆಯೋಕೂ ಬಿಡಲ್ಲ, ಸುಮ್ಮನೆ ನೀರಲ್ಲಿ ಅಲ್ಲಾಡಿಸಿ ಇಡ್ತಾನೆ.”

ಒಲೆಯ ಮೇಲೆ ಕೆಟಲ್ ಇತ್ತು. ಬೋದಿಲ್ ಮುಚ್ಚಳ ತೆಗೆದು ಒಳಗೆ ಇಣುಕಿದಳು. ಅದರ ತಳದಲ್ಲಿ ಅವಳ ಮುಖವೇ ಕಾಣಿಸಿತು. ಮೂಗು ಹತ್ತಿರ ಒಯ್ದರೆ ವಿನಿಗರ್ ವಾಸನೆ.

“ವೇರ್ನರ್, ಇದನ್ನ ತೊಳೆದಿದ್ದು ಯಾರು?”

ವೇರ್ನರ್ ಬಂದು ಇಣುಕಿದ. ಅವಳ ಕೈಯಿಂದ ಮುಚ್ಚಳ ಇಸಿದುಕೊಂಡು ಅದರ ಒಳಮೈಯನ್ನೂ ತಿರುಗಿಸಿ ನೋಡಿದ.

*

ಆಸ್ಪತ್ರೆಯಲ್ಲಿ ಆಲ್ಗೋತ್ ಹಾಸಿಗೆಯ ಮೇಲೆ ಕೂತು ಬನ್ ತಿನ್ನುತ್ತಿದ್ದ. ಸಾವಿನ ಬಾಗಿಲು ತಟ್ಟಿ ಬಂದವನ ಹಾಗೆ ಕಾಣಲಿಲ್ಲ. ಕಿಟಕಿಯಾಚೆ ಕಡಲು, ಅದರಾಚೆ ಡೆನ್ಮಾರ್ಕ್, ನಡುವೆ ದೋಣಿ. ಮುದುಕ ಅದನ್ನೆಲ್ಲ ತನ್ನ ಸ್ವಂತ ಆಸ್ತಿಯೆಂಬಂತೆ ನೋಡುತ್ತಿದ್ದ.

“ಬಾ ಬಾ, ಕೂತ್ಕೋ. ಬನ್ ತಿಂತೀಯಾ? ಏಲಕ್ಕಿ ಹಾಕೋಕೆ ಜಿಪುಣತನ ಮಾಡಿದಾರೆ, ಆದ್ರೂ ಪರವಾಗಿಲ್ಲ.”

“ಹೇಗಿದೀಯ ಆಲ್ಗೋತ್?”

“ಚೆನ್ನಾಗಿದೀನಿ ಕಣೇ. ಆದರೆ ಈ ಡಾಕ್ಟರಮ್ಮ ನನ್ನ ಗಮ್ಮು ಕಿತ್ಕೊಂಡಿದಾಳೆ. ಕೊಡ್ಸು. ಇಲ್ಲಾಂದ್ರೆ ಪೈಪು ಹಚ್ಚಿ ಈ ಆಸ್ಪತ್ರೆನೇ ಸುಟ್ಟುಹಾಕ್ತೀನಿ.”

ಡಾಕ್ಟರ್ ಮಿರ್ಯಾಮ್ ಸಂದೆಲ್ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಹಿಂದೆ ಅವನ ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿದವಳು ಇವಳೇ.

“ಕಿತ್ಕೊಂಡಿಲ್ಲ, ರಕ್ತದ ರಿಪೋರ್ಟು ಬರಲಿ ಅಂತ ಎತ್ತಿಟ್ಟಿದ್ದೆ. ಇವತ್ತು ಬಂತು,” ಅಂದಳು ಅವಳು. “ಬೋದಿಲ್, ಇವನ ಮೈಯಲ್ಲಿದ್ದ ನಿಕೋಟಿನ್ ಒಂದು ಗಮ್ಮಿಂದ ಬರೋ ಲೆಕ್ಕದ್ದಲ್ಲ. ಒಂದರ ಮೇಲೊಂದು ಪ್ಯಾಕೆಟ್ ಅಗಿದರೂ ಅಷ್ಟಾಗೋಕೆ ಮುಂಚೆ ವಾಂತಿಯಾಗಿ ಅವನೇ ನಿಲ್ಲಿಸಿರೋನು. ಗಮ್ಮು ನಿಧಾನ. ಅದರ ಒಳ್ಳೇತನ ಇರೋದೇ ಅದರಲ್ಲಿ.”

“ಹೃದಯದ ರೋಗಿಗೆ ಗಮ್ಮು ಕೊಟ್ಟಿದ್ದೇ ತಪ್ಪು ಅಂತಾರಲ್ಲ ಊರೋರು?”

“ಹೃದಯದ ತೊಂದರೆ ಇರೋರು ಕೇಳಿಯೇ ಅಗೀಬೇಕು, ನಿಜ. ಹಿಲ್ಲೆವಿ ಕೇಳಿದಳು. ಫೋನ್ ಮಾಡಿದ್ದು ನನಗೇ. ಕೊಡು ಅಂದಿದ್ದೂ ನಾನೇ.” ಮಿರ್ಯಾಮ್ ಆಲ್ಗೋತನ ಹಾಸಿಗೆಯ ತುದಿಯಲ್ಲಿ ಕೂತಳು. “ನೋಡು, ನಿಕೋಟಿನ್ ಏನೂ ಹಾಲು-ತುಪ್ಪ ಅಲ್ಲ. ಅಭ್ಯಾಸ ಹಿಡಿಸೋದು ಅದೇ. ಮಕ್ಕಳ ಕೈಗೆ, ನಾಯಿ ಬಾಯಿಗೆ ಸಿಕ್ಕರೆ ಅಪಾಯ. ಆದರೆ ಇವನ ನಾಳ ಕಟ್ಟಿಕೊಂಡಿದ್ದು ಪೈಪಿನ ಹೊಗೆಯಿಂದ. ಗಮ್ಮಲ್ಲಿ ಆ ಹೊಗೆ ಇಲ್ಲ, ಟಾರಿಲ್ಲ. ಇವನ ಕೈಗೆ ಪೈಪು ವಾಪಸ್ ಕೊಡೋದೂ ಒಂದೇ, ನಾನು ಹಾಕಿದ ಸ್ಟೆಂಟ್ ಕಿತ್ತುಹಾಕೋದೂ ಒಂದೇ.”

“ಕೇಳಿಸ್ಕೋ,” ಅಂದ ಆಲ್ಗೋತ್, ಹೆಮ್ಮೆಯಿಂದ. “ನಮ್ಮ ಸಬ್‌ಮರೀನಲ್ಲಿ ಸೇದೋ ಹಾಗಿರಲಿಲ್ಲ, ಗಾಳಿ ಎಲ್ಲಿತ್ತು? ನಮ್ಮಂಥೋರ ಗೋಳು ನೋಡಿಯೇ ಈ ಗಮ್ಮು ಕಂಡುಹಿಡಿದಿದ್ದು. ಇದೇ ಊರಲ್ಲಿ. ನಮ್ಮ ಗಮ್ಮಿಗೇ ಕೆಟ್ಟ ಹೆಸರು ತಂದರಲ್ಲೇ.”

ಆ ಮಾತು ಅವನು ತಮಾಷೆಗೆ ಹೇಳಿದ್ದಲ್ಲ. ಕಣ್ಣು ಒದ್ದೆಯಾಗಿತ್ತು.

“ಗುರುವಾರದ ಕಾಫಿಲಿ ಏನಾದ್ರೂ ಬೇರೆ ರುಚಿ ಇತ್ತಾ?” ಕೇಳಿದಳು ಬೋದಿಲ್.

“ನಂಗೆಲ್ಲಿ ರುಚಿ ಗೊತ್ತಾಗುತ್ತೆ? ಜೀವಮಾನವಿಡೀ ಪೈಪು ಸೇದಿದ ನಾಲಿಗೆ. ಟಾರು ಕುದಿಸಿ ಕೊಟ್ಟರೂ ಕುಡೀತೀನಿ.” ಅವನು ಬನ್ನಿನ ಕೊನೇ ತುಂಡು ಬಾಯಿಗೆ ಹಾಕಿಕೊಂಡ. ಆಮೇಲೆ, ಕಡಲ ಕಡೆ ನೋಡುತ್ತ, “ನನ್ನ ಕೆಟಲ್ ಯಾರೂ ತೊಳೆದಿಲ್ಲ ತಾನೇ?” ಅಂದ.

“ತೊಳೆದಿದಾರೆ ಆಲ್ಗೋತ್. ಫಳಫಳ ಅಂತಿದೆ.”

“ಅಯ್ಯೋ, ಯಾವ ಪಾಪಿ?” ಮುದುಕ ಎದೆ ಹಿಡಿದುಕೊಂಡ. ಮಿರ್ಯಾಮ್ ಗಾಬರಿಯಿಂದ ಎದ್ದಳು. ಅವನು ಕಣ್ಣು ಮಿಟುಕಿಸಿದ ಮೇಲೆ ಮೂವರೂ ನಕ್ಕರು. ಡಾಕ್ಟರು ಜೇಬಿನಿಂದ ಗಮ್ಮಿನ ಪಟ್ಟಿ ತೆಗೆದು ಅವನ ಅಂಗೈಗಿಟ್ಟಳು.

ಬೋದಿಲ್ ಆವತ್ತು ಸಂತೋಷದಿಂದಲೇ ಮನೆಗೆ ಹೋದಳು.

*

ಕಪ್ಪಿನ ಗಸಿಯ ಬಗ್ಗೆ ಮಂಗಳವಾರ ಪ್ರಯೋಗಾಲಯದಿಂದ ಫೋನ್ ಬಂತು. ಕಾಫಿಪುಡಿಯ ಜೊತೆಗೆ ಹೊಗೆಸೊಪ್ಪಿನ ಹಿಟ್ಟು. ಅಂಗಡಿಯಲ್ಲಿ ಸಿಗುವ, ತುಟಿಯಡಿ ಇಡುವ ಹೊಗೆಸೊಪ್ಪು, ಸ್ನೂಸ್, ಆಗಿದ್ದರೆ ಉಪ್ಪಿರಬೇಕಿತ್ತು, ಇದರಲ್ಲಿ ಇರಲಿಲ್ಲ. ಸ್ನೂಸನ್ನು ಮನೆಯಲ್ಲೇ ಮಾಡಿಕೊಳ್ಳುವವರು ತರಿಸುವ ಹಸಿ ಹಿಟ್ಟು ಅದು.

ಮನೆಯಲ್ಲಿ ಸ್ನೂಸ್ ಮಾಡುವವರು ಊರಲ್ಲಿ ಬೇಕಾದಷ್ಟು ಜನ. ಕ್ಲಬ್ಬಿನ ಓವನ್ನಿನಲ್ಲಿ ಮಾಡಿ ಎಲ್ಲರಿಗೂ ವಾಸನೆ ಕುಡಿಸುವವನು ಒಬ್ಬನೇ.

ವೇರ್ನರ್ ಲಿಥೆಲ್ ಕ್ಲಬ್ಬಿನ ಅಡುಗೆಮನೆಯಲ್ಲಿ ಈಸ್ಟರಿಗೆಂದು ಹೆರಿಂಗ್ ಮೀನಿನ ಭರಣಿಗಳನ್ನು ಎಣಿಸುತ್ತಿದ್ದ. ಗಮ್ಮಿನಿಂದಲೇ ಹೀಗಾಯಿತೆಂದು ಪತ್ರಿಕೆಯವರಿಗೆ ಮೊದಲು ಹೇಳಿದವನು ಅವನೇ. ಮೇಲ್ದುಟಿ ಎಂದಿನಂತೆ ಸ್ನೂಸಿನಿಂದ ಉಬ್ಬಿತ್ತು.

“ಒಂದು ಕಾಫಿ ಕುಡಿಸ್ತೀಯಾ?” ಅಂದಳು ಬೋದಿಲ್. “ಆಲ್ಗೋತ್ ಥರದ್ದು. ಕುದಿಸಿದ್ದು.”

“ಮೆಷಿನ್ ಇದೆಯಲ್ಲ.”

“ನಂಗೆ ಕುದಿಸಿದ್ದೇ ಬೇಕು. ಪುಡಿ ಎಲ್ಲಿದೆ?”

ವೇರ್ನರ್ ಮನಸ್ಸಿಲ್ಲದ ಮನಸ್ಸಿನಿಂದ ಮೇಲಿನ ಕಪಾಟು ತೆರೆದು ಒಂದು ಹಳೇ ಕೆಂಪು ತಗಡಿನ ಡಬ್ಬ ಇಳಿಸಿದ. ಬೋದಿಲ್ ಡಬ್ಬ ನೋಡಲಿಲ್ಲ, ಕಪಾಟು ನೋಡಿದಳು. ಧೂಳು ಕೂತ ಹಲಗೆಯ ಮೇಲೆ ಡಬ್ಬ ಕೂತಿದ್ದ ದುಂಡು ಗುರುತು ಇತ್ತು. ಅದರ ಪಕ್ಕದಲ್ಲೇ ಇನ್ನೊಂದು, ಅದೇ ಅಳತೆಯದು.

“ಇದರ ಜೋಡಿ ಎಲ್ಲಿ ವೇರ್ನರ್?”

“ಯಾವ ಜೋಡಿ?”

“ಇಲ್ಲಿ ಎರಡು ಡಬ್ಬ ಇದ್ವು. ಒಂದರಲ್ಲಿ ಕಾಫಿಪುಡಿ. ಇನ್ನೊಂದರಲ್ಲಿ?”

ವೇರ್ನರ್ ಒಂದು ಭರಣಿ ಎತ್ತಿ, ಮತ್ತೆ ಅಲ್ಲೇ ಇಟ್ಟ.

“ನೀನು ಆ ಹಿಲ್ಲೆವಿ ಪರ,” ಅಂದ. “ಬಾಯಲ್ಲೇ ಇಟ್ಕೊಂಡಿದೀಯಲ್ಲ ಅವಳ ಗಮ್ಮು. ಅದೂ ಹೊಗೆಸೊಪ್ಪಿನದೇ ತಾನೇ? ಕಾರ್ಖಾನೇಲಿ ಮಾಡಿದ್ದು ಔಷಧಿ, ನಾನು ಮಾಡಿದ್ದು ವಿಷನಾ?”

“ಗಮ್ಮಲ್ಲಿ ಎಷ್ಟಿದೆ ಅಂತ ಪ್ಯಾಕೆಟ್ ಮೇಲೆ ಬರೆದಿರ್ತಾರೆ. ನಿನ್ನ ಡಬ್ಬದ ಮೇಲೆ ಏನು ಬರೆದಿತ್ತು?”

“ಏನೂ ಬರೆದಿರಲಿಲ್ಲ,” ಅಂದ ವೇರ್ನರ್. ಅಂದುಬಿಟ್ಟ ಮೇಲೆ ಏನು ಅಂದೆನೆಂದು ಅವನಿಗೆ ಗೊತ್ತಾಯಿತು. ಬೆಂಚಿನ ಮೇಲೆ ಕುಸಿದು ಕೂತ.

ಬೋದಿಲ್ ಕಪಾಟು ಮುಚ್ಚಿದಳು. ಅವಳೂ ಪಕ್ಕದಲ್ಲಿ ಕೂತಳು.

“ಫ್ರಿಜ್ಜಲ್ಲಿರ್ತಿತ್ತು ಅದು, ಹಿಂದುಗಡೆ, ನನ್ನ ಮೂಲೇಲಿ,” ಅಂದ ಅವನು. “ಈಸ್ಟರ್ ಮೀನಿಗೆ ಜಾಗ ಬೇಕಿತ್ತು. ಬುಧವಾರ ತೆಗೆದು ಮೇಲಿಟ್ಟೆ. ಡಬ್ಬ ಒಂದೇ ಥರ. ಒಳಗಿರೋ ಹಿಟ್ಟೂ ಕಾಫಿಪುಡಿ ಥರಾನೇ. ಹೇಳೋಣ ಅಂದ್ಕೊಂಡಿದ್ದೆ, ಮರೆತೆ. ಅವನು ಬಿದ್ದ ಕೂಡಲೇ ತಲೆ ಎತ್ತಿ ಕಪಾಟು ನೋಡಿದೆ. ಎರಡೂ ಡಬ್ಬದ ಮುಚ್ಚಳ ತೆಗೆದಿತ್ತು, ಎರಡರಿಂದಲೂ ಹಾಕಿದಾನೆ ಅಂತ ಗೊತ್ತಾಗಿಹೋಯ್ತು. ಆಂಬುಲೆನ್ಸ್ ಹೋದ ಮೇಲೆ ಡಬ್ಬ ತಗೊಂಡು ಹೋಗಿ ಕಡಲಿಗೆ ಎಸೆದೆ.”

“ಆಮೇಲೆ ಗಮ್ಮಿನ ಮೇಲೆ ಹೊರಿಸಿದೆ.”

“ಪತ್ರಿಕೆಯೋನು ಕೇಳಿದ. ಬಾಯಿಗೆ ಬಂದಿದ್ದು ಅದೇ.” ಅವನು ಅಂಗೈಯಿಂದ ಮುಖ ಒರೆಸಿಕೊಂಡ. “ನಾವಿಬ್ಬರೂ ಒಂದೇ ಹಡಗಿನೋರು ಬೋದಿಲ್. ಮೇಲಿನ ಬಂಕು ಅವನದು, ಕೆಳಗಿನದು ನಂದು. ಅವನನ್ನ ನಾನೇ ಕೊಂದೆ ಅಂತ ಹೇಗೆ ಹೇಳಲಿ?”

“ಅವನು ಸತ್ತಿಲ್ಲ ಕಣೋ. ಬನ್ ತಿಂತಿದಾನೆ.”

ವೇರ್ನರ್ ಅಳು ನಗು ಎರಡೂ ಬೆರೆತ ಒಂದು ಸದ್ದು ಮಾಡಿದ. ಬೋದಿಲ್ ಅವನ ಬೆನ್ನು ತಟ್ಟಿದಳು. ಕೋಪ ಬರಬೇಕಾಗಿತ್ತು, ಸ್ವಲ್ಪ ಬಂದಿತ್ತು ಕೂಡ. ಒಬ್ಬ ಹೆಣ್ಣುಮಗಳ ಅನ್ನಕ್ಕೆ ಕಲ್ಲು ಹಾಕಿದವನು ಇವನು. ಆದರೆ ಹಿಲ್ಲೆವಿ ಪಾರಾದಳೆಂಬ ಖುಷಿ ಅದಕ್ಕಿಂತ ದೊಡ್ಡದಾಗಿತ್ತು.

“ಇದನ್ನೆಲ್ಲ ಠಾಣೆಗೆ ಬಂದು ಹೇಳ್ತೀಯಾ?”

“ಹೇಳ್ತೀನಿ. ಪತ್ರಿಕೆಯೋನಿಗೂ ಹೇಳ್ತೀನಿ. ಹಿಲ್ಲೆವಿ ಹತ್ರ ಮಾತ್ರ ಹೇಗೆ ಹೋಗಲಿ?”

“ನಡ್ಕೊಂಡು ಹೋಗು. ಗಮ್ಮಿನ ಪ್ಯಾಕೆಟ್ ಒಂದು ಕೊಂಡ್ಕೋ, ಖುಷಿಯಾಗ್ತಾಳೆ.” ಬೋದಿಲ್ ಎದ್ದಳು. ಬಾಗಿಲ ಹತ್ತಿರ ಹೋಗಿ ತಿರುಗಿದಳು. “ಡಬ್ಬ ಎಸೆದೆ, ಸರಿ. ಕೆಟಲ್ಲೂ ತೊಳೆದೆ. ಕಪ್ಪು ಯಾಕೆ ಬಿಟ್ಟೆ?”

“ಕೆಟಲ್ ನಾನು ತೊಳೆದಿಲ್ಲ.”

“ವೇರ್ನರ್.”

“ಇಷ್ಟೆಲ್ಲ ಒಪ್ಪಿಕೊಂಡೋನು ಅದೊಂದು ಮುಚ್ಚಿಡ್ತೀನಾ?” ಈಗ ಅವನ ದನಿಯಲ್ಲಿ ನಿಜವಾದ ಅವಮಾನವಿತ್ತು. “ಇನ್ನೊಬ್ಬರ ಪಾತ್ರೆ ನಾನು ಇವತ್ತಿನ ತನಕ ತೊಳೆದಿಲ್ಲ. ಆ ಹಲಗೆ ಬರೆದು ಬಡಿದಿದ್ದೇ ನಾನು.”

ಅದು ನಿಜವೆಂದು ಬೋದಿಲ್‌ಗೆ ಅನ್ನಿಸಿತು. ವಿಷ ಬೆರೆತದ್ದನ್ನು ಮುಚ್ಚಿಟ್ಟಾನು, ಪತ್ರಿಕೆಗೆ ಸುಳ್ಳು ಹೇಳಿಯಾನು, ಬೇರೆಯವರ ಕೆಟಲ್ ತೊಳೆಯುವಷ್ಟು ಕೆಳಗಿಳಿಯುವವನಲ್ಲ ವೇರ್ನರ್.

*

ಹಿಲ್ಲೆವಿಯ ಮನೆಯಲ್ಲಿ ಬಿಸಿಲು ನೇರ ಅಡುಗೆಮೇಜಿನ ಮೇಲೆ ಬೀಳುತ್ತಿತ್ತು. ಈಸ್ಟರಿಗೆಂದು ಬರ್ಚ್ ಕಡ್ಡಿಗಳಿಗೆ ಬಣ್ಣದ ಪುಕ್ಕ ಕಟ್ಟಿ ಹೂಜಿಯಲ್ಲಿಟ್ಟಿದ್ದಳು. ಸುದ್ದಿ ಕೇಳಿ ಅವಳು ಬೋದಿಲ್‌ಳನ್ನು ತಬ್ಬಿಕೊಂಡಳು. ಆಮೇಲೆ ಕಾಫಿಗಿಟ್ಟಳು.

“ಗಮ್ಮು ಉಗಿ ಮೊದಲು,” ಅಂದಳು.

“ಆಗಲೇ ಉಗಿದೆ ಕಣೇ.”

ಇಬ್ಬರೂ ಹೊಟ್ಟೆ ತುಂಬ ನಕ್ಕರು. ಬುಧವಾರದ ಕೂಟ ಮತ್ತೆ ಶುರುವಾಗುತ್ತದೆ, ಹೆದರಿ ಸಿಗರೇಟಿಗೆ ವಾಪಸು ಹೋದವರನ್ನು ಮನೆಮನೆಗೆ ಹೋಗಿ ಕರೆತರಬೇಕು, ಔಷಧಿ ಅಂಗಡಿಯ ಕಿಟಕಿಯಲ್ಲಿ ಆಲ್ಗೋತನ ಫೋಟೋ ಹಾಕಬೇಕು ಎಂದೆಲ್ಲ ಹಿಲ್ಲೆವಿ ಹೇಳುತ್ತಲೇ ಇದ್ದಳು. ಕೇಳುತ್ತ ಕೂತ ಬೋದಿಲ್‌ಗೆ ಹಾಯೆನಿಸಿತು. ವರದಿ ಫೋನಿನಲ್ಲಿ ಸಿದ್ಧವಾಗಿತ್ತು. ಒಂದು ಸಲ ಒತ್ತಿದರೆ ಹೋಗುತ್ತಿತ್ತು.

ಕಾಫಿ ಮುಗಿಯಿತು. ಹಿಲ್ಲೆವಿ ಎದ್ದು ತನ್ನ ಕಪ್ಪಿನ ಜೊತೆಗೆ ಬೋದಿಲ್‌ಳ ಕಪ್ಪನ್ನೂ ಎತ್ತಿಕೊಂಡಳು. ಸಿಂಕಿನ ಹತ್ತಿರ ಹೋಗಿ, ಮಾತಾಡುತ್ತಲೇ, ಎರಡಕ್ಕೂ ಒಂದೊಂದು ಗುಟುಕು ವಿನಿಗರ್ ಸುರಿದು ತಿಕ್ಕತೊಡಗಿದಳು.

ಆ ವಾಸನೆ ಬೋದಿಲ್‌ಳ ಮೂಗಿಗೆ ಬಡಿಯಿತು. ಫೋನಿನ ಮೇಲಿದ್ದ ಬೆರಳು ಅಲ್ಲೇ ನಿಂತಿತು. ಕ್ಲಬ್ಬಿನ ಬೀಗದ ಕೈ, ಬುಧವಾರದ ಕೂಟಕ್ಕೆಂದು ಕೊಟ್ಟದ್ದು, ಬಾಗಿಲ ಪಕ್ಕದ ಮೊಳೆಗೆ ನೇತುಬಿದ್ದಿತ್ತು.

“ಹಿಲ್ಲೆವಿ, ಆಲ್ಗೋತನ ಕೆಟಲ್ ತೊಳೆದಿದ್ದು ನೀನಾ?”

ನಲ್ಲಿ ಸುರಿಯುತ್ತಲೇ ಇತ್ತು. ಹಿಲ್ಲೆವಿ ಅದನ್ನು ನಿಲ್ಲಿಸಿ, ಕೈ ಒರೆಸಿಕೊಂಡು, ತಿರುಗಿದಳು. ಅವಳ ಮುಖದಲ್ಲಿದ್ದ ಸಂತೋಷ ಇನ್ನೂ ಪೂರ್ತಿ ಹೋಗಿರಲಿಲ್ಲ.

“ಶುಕ್ರವಾರ ಬೆಳಿಗ್ಗೆ. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ.”

“ಕಪ್ಪು ಬಿಟ್ಟೆ?”

“ಬಸಿ ಮೇಲೆ ನಾನು ಕೊಟ್ಟ ಗಮ್ಮಿತ್ತು. ಅದು ನಿನ್ನ ಕಣ್ಣಿಗೆ ಬೀಳಲಿ ಅಂತ ಬಿಟ್ಟೆ.”

“ಕೆಟಲ್ ಯಾಕೆ ತೊಳೆದೆ?”

ಹಿಲ್ಲೆವಿ ಎದುರಿನ ಕುರ್ಚಿಯಲ್ಲಿ ಕೂತಳು. ಅವಳಿಗೆ ಹೇಳಲೂ ಆಗುತ್ತಿರಲಿಲ್ಲ, ಬಿಡಲೂ ಆಗುತ್ತಿರಲಿಲ್ಲ. ಹೇಳಿದರೆ ಸಾಕ್ಷಿ ಅಳಿಸಿದವಳಾಗುತ್ತಾಳೆ. ಅಂಥವಳಿಗೆ ಔಷಧಿ ಅಂಗಡಿಯ ಕೌಂಟರಿನ ಹಿಂದೆ ಯಾರು ಜಾಗ ಕೊಡುತ್ತಾರೆ?

“ಆಸ್ಪತ್ರೆಯಿಂದ ಫೋನ್ ಬಂತು,” ಅಂದಳು ಕೊನೆಗೆ. “‘ನನ್ನ ಕೆಟಲ್ ತೊಳೆದುಬಿಡು, ಚೆನ್ನಾಗಿ ತಿಕ್ಕು, ಯಾರಿಗೂ ಹೇಳಬೇಡ’ ಅಂತ ಬೇಡ್ಕೊಂಡ. ಅಳ್ತಿದ್ದ ಬೋದಿಲ್. ನಂಗೆ ಇಲ್ಲ ಅನ್ನೋಕೆ ಆಗಲಿಲ್ಲ.”

“ಯಾರು?”

ಕೇಳುವಾಗಲೇ ಬೋದಿಲ್‌ಗೆ ಉತ್ತರ ಹೊಳೆದಿತ್ತು. ನಾಲಿಗೆಗೆ ರುಚಿಯೇ ಗೊತ್ತಾಗುವುದಿಲ್ಲವೆಂದ ಆ ಮುದುಕ, ಬನ್ನಿಗೆ ಏಲಕ್ಕಿ ಕಮ್ಮಿಯಾಗಿದೆ ಎಂದಿದ್ದ. ಕಾಫಿಯಲ್ಲಿ ಹೊಗೆಸೊಪ್ಪಿನ ರುಚಿ ಸಿಕ್ಕಾಗಲೇ ಅದು ಕೆಳಗಿನ ಬಂಕಿನವನ ಡಬ್ಬದ್ದೆಂದು ಅವನಿಗೆ ಗೊತ್ತಾಗಿರಬೇಕು.

“ಆಲ್ಗೋತ್,” ಅಂದಳು ಹಿಲ್ಲೆವಿ.